ಹೆಸರಿನ ಹರಾಜು: ಜಾಹೀರಾತಿನ ಕೀವರ್ಡ್ ಮತ್ತು ಕೊಲ್ಹಾಪುರಿ ಚಪ್ಪಲಿ

ನನ್ನ ದನಿ ಕೇಳಸ್ತದ ಅನ್ಕೋತೀನಿ. ನಾನು ಮಾತಾಡ್ತಿರೋದು ಉದಗಾಂವದಿಂದ. ಜಯಸಿಂಗಪುರದ ಮಗ್ಗುಲಿಗಿರುವ ಊರು. ನಮ್ಮ ಮನೆಯೊಳಗೆ ಕನ್ನಡ, ಪೇಟೆಗೆ ಹೋದರೆ ಮರಾಠಿ. ಕನ್ನಡ ಎಂ.ಎ. ಓದುವವಳಿಗೆ ಟ್ರೇಡ್‌ಮಾರ್ಕಿನ ಉಸಾಬರಿ ಯಾಕೆ ಅಂತ ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಆದರೆ ವಚನಗಳ ಅಂಕಿತದ ಬಗ್ಗೆ ಟಿಪ್ಪಣಿ ಮಾಡ್ತಾ ಕೂತಾಗ, ಒಂದು ಹೆಸರು ಯಾರದು, ಅದನ್ನ ಇನ್ನೊಬ್ಬರು ಬಳಸಿದರೆ ಏನು ಕೆಡ್ತದ ಅನ್ನೋ ಪ್ರಶ್ನೆ ನಮ್ಮ ಓಣಿಯಲ್ಲೇ ಎದುರಾಯ್ತು.

ನಮ್ಮ ಪರಿಚಯದ ಕಾಕಾ ಒಬ್ಬರು ಚಪ್ಪಲಿ ಹೊಲೀತಾರ. ಅವರ ಮಗ ಎರಡು ವರ್ಷದ ಹಿಂದೆ ಆನ್‌ಲೈನ್ ಮಾರಾಟ ಶುರು ಮಾಡಿದ. ಪುಣೆಯ ಗಿರಾಕಿಯೊಬ್ಬರು ಇವರ ಅಂಗಡಿ ಹೆಸರನ್ನೇ ಟೈಪ್ ಮಾಡಿ ಹುಡುಕಿದರೆ, ಮೊದಲು ಕಂಡದ್ದು ಬೇರೆ ಯಾರದೋ ಜಾಹೀರಾತು. ಚಪ್ಪಲಿ ಅಲ್ಲೇ ಕೊಂಡರು. ಆಮೇಲೆ ಹೊಲಿಗೆ ಬಿಚ್ಚಿತು ಅಂತ ಫೋನ್ ಮಾಡಿ ಬೈದದ್ದು ಮಾತ್ರ ಇವರಿಗೆ. ಆ ಹುಡುಗ ನನ್ನ ಕೇಳಿದ: "ಅಕ್ಕಾ, ನಮ್ಮ ಹೆಸರಿಗೆ ನಾವೇ ರೊಕ್ಕ ಕೊಡಬೇಕೇನು?"

ವ್ಯವಸ್ಥೆ ಹೀಗಿದೆ. ಗೂಗಲ್ 2000ದಲ್ಲಿ ಆಡ್‌ವರ್ಡ್ಸ್ ಅನ್ನೋ ಜಾಹೀರಾತು ಸೇವೆ ಆರಂಭಿಸಿತು. 2018ರಿಂದ ಅದರ ಹೆಸರು ಗೂಗಲ್ ಆಡ್ಸ್. ವ್ಯಾಪಾರಿ ಕೆಲವು ಪದಗಳನ್ನು ಆರಿಸಿ ಒಂದೊಂದಕ್ಕೂ ತಾನು ಕೊಡಬಲ್ಲ ಬೆಲೆ ಹೇಳ್ತಾನೆ. ಯಾರಾದರೂ ಆ ಪದ ಹುಡುಕಿದಾಗ ಕಣ್ಣು ಮಿಟುಕಿಸೋದರೊಳಗೆ ಹರಾಜು ನಡೀತದೆ. ಬೆಲೆಯ ಜೊತೆ ಜಾಹೀರಾತಿನ ಗುಣಮಟ್ಟವನ್ನೂ ಲೆಕ್ಕ ಹಿಡಿದು ಜಾಗ ಕೊಡ್ತಾರೆ. ಕ್ಲಿಕ್ ಮಾಡಿದರಷ್ಟೇ ಹಣ. ಮುಖ್ಯವಾದ ಸಂಗತಿ ಏನಂದರೆ, ಆರಿಸಿದ ಪದ ಜಾಹೀರಾತಿನಲ್ಲಿ ಕಾಣಲೇಬೇಕಂತಿಲ್ಲ. ಅಂಕಿತ ಇದಕ್ಕೆ ಪೂರ್ತಿ ವಿರುದ್ಧ. ಅದು ವಚನದೊಳಗೆ ಕಣ್ಣಿಗೆ ಬೀಳುವ ಹಾಗೆ ಕೂತು ಇದು ಯಾರದು ಅಂತ ಹೇಳ್ತದೆ. ಕೀವರ್ಡ್ ಬೆನ್ನ ಹಿಂದೆ ನಿಂತು ಕೆಲಸ ಮಾಡ್ತದೆ.

ಕಾಣದ ಹೆಸರನ್ನು ಬಳಸಿದ್ದು 'ಬಳಕೆ' ಆಗ್ತದೋ ಇಲ್ಲವೋ? ಭಾರತದಲ್ಲಿ ಈ ಪ್ರಶ್ನೆಯ ಮೊದಲ ದೊಡ್ಡ ಮೊಕದ್ದಮೆ ನಡೆದದ್ದು ಮದ್ರಾಸ್ ಹೈಕೋರ್ಟಿನಲ್ಲಿ, ಮದುವೆಯ ಜಾಲತಾಣಗಳ ನಡುವೆ. ಭಾರತ್ ಮ್ಯಾಟ್ರಿಮೊನಿ ನಡೆಸುತ್ತಿದ್ದ ಕಾನ್ಸಿಮ್ ಇನ್ಫೋ ಕಂಪನಿ ಗೂಗಲ್ ಮೇಲೂ ಶಾದಿ ಡಾಟ್ ಕಾಂ, ಜೀವನಸಾಥಿ ಮುಂತಾದ ಪ್ರತಿಸ್ಪರ್ಧಿಗಳ ಮೇಲೂ ದಾವೆ ಹೂಡಿತು. ಭಾರತ್ ಮ್ಯಾಟ್ರಿಮೊನಿಯಷ್ಟೇ ಅಲ್ಲ, ತಮಿಳ್ ಮ್ಯಾಟ್ರಿಮೊನಿ, ಕನ್ನಡ ಮ್ಯಾಟ್ರಿಮೊನಿ ತರಹದ ಭಾಷೆಯ ಹೆಸರು ಕೂಡಿಸಿದ ಗುರುತುಗಳೂ ಅವರವು. ನಾನು ಇಲ್ಲಿ ಸ್ವಲ್ಪ ನಿಂತೆ. 'ಕನ್ನಡ' ಯಾರ ಸ್ವತ್ತೂ ಅಲ್ಲ, 'ಮ್ಯಾಟ್ರಿಮೊನಿ' ನಿಘಂಟಿನ ಮಾತು. ಎರಡನ್ನೂ ಒತ್ತಿಟ್ಟರೆ ಒಬ್ಬರ ಆಸ್ತಿ ಆಗ್ತದೇನು? ಸಮಾಸದಲ್ಲಿ ಹೊಸ ಅರ್ಥ ಹುಟ್ಟಿದರೆ ಮಾತ್ರ ಹೊಸ ಪದ ಅಂತ ನಮಗೆ ವ್ಯಾಕರಣದ ತರಗತಿಯಲ್ಲಿ ಹೇಳ್ತಿದ್ದರು. ನ್ಯಾಯಾಲಯದ ವಿಚಾರವೂ ಸುಮಾರು ಹಾಗೇ ಸಾಗಿತು. 2010ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್ ಅವರು, ಈ ಹೆಸರುಗಳು ಸೇವೆಯನ್ನು ಬಣ್ಣಿಸುವ ಸಾಮಾನ್ಯ ಪದಗಳಿಂದಾದವು ಅನ್ನೋದನ್ನ ಗಮನದಲ್ಲಿಟ್ಟು, ಮಧ್ಯಂತರ ತಡೆಯಾಜ್ಞೆಯ ಕೋರಿಕೆಯನ್ನು ಒಪ್ಪಲಿಲ್ಲ.

ಅದೇ ವರ್ಷ ಮಾರ್ಚ್ 23ರಂದು ಯುರೋಪಿನ ನ್ಯಾಯಾಲಯ ಲೂಯಿ ವಿಟಾನ್ ಪ್ರಕರಣದಲ್ಲಿ, ಗುರುತನ್ನು ಬಳಸುವವನು ಜಾಹೀರಾತುದಾರ, ಗೂಗಲ್ ಅಲ್ಲ ಅಂದಿತ್ತು. ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2023ರ ಆಗಸ್ಟ್ 10ರಂದು ಅಗರ್‌ವಾಲ್ ಪ್ಯಾಕರ್ಸ್ ಅಂಡ್ ಮೂವರ್ಸ್ ಪ್ರಕರಣದಲ್ಲಿ ಇದಕ್ಕಿಂತ ಮುಂದೆ ಹೋಯಿತು. ಕಾಣದಿದ್ದರೂ ಕೀವರ್ಡ್ ಅಂದರೆ ಜಾಹೀರಾತಿನಲ್ಲಿ ಬಳಕೆಯೇ. ಗೂಗಲ್ ಸುಮ್ಮನೆ ನೋಡುತ್ತಾ ನಿಂತವನಲ್ಲ, ಅದರಲ್ಲಿ ಪಾಲುಗಾರ. ಆದರೆ ಬಳಸಿದ ಮಾತ್ರಕ್ಕೆ ಉಲ್ಲಂಘನೆ ಆಗೋದಿಲ್ಲ. ಗಿರಾಕಿಗೆ ಗೊಂದಲ ಆಗಬೇಕು, ಇಲ್ಲವೇ ಆ ಹೆಸರಿನ ಕೀರ್ತಿಯಿಂದ ಅನ್ಯಾಯದ ಲಾಭ ಪಡೆದಿರಬೇಕು. ಮುಂದೆ ಡಿಸೆಂಬರಿನಲ್ಲಿ ಮೇಕ್‌ಮೈಟ್ರಿಪ್ ಪ್ರಕರಣದಲ್ಲೂ ಅದೇ ಅಳತೆಗೋಲು: ಬುಕಿಂಗ್ ಡಾಟ್ ಕಾಂ ಎಲ್ಲರಿಗೂ ಗೊತ್ತಿರುವ ಹೆಸರು, ಅದರ ಜಾಹೀರಾತು ಕಂಡು ಯಾರೂ ಮೋಸ ಹೋಗೋದಿಲ್ಲ.

ಇಲ್ಲಿ ನನ್ನ ತಕರಾರು ಇದೆ. ಈ ಅಳತೆಗೋಲು ಆನೆ ಆನೆ ಕಾದಾಡುವಾಗ ಸರಿ. ನಮ್ಮ ಕಾಕಾನ ಅಂಗಡಿಯ ಹೆಸರಲ್ಲಿರೋದು ಮನೆತನದ ಅಡ್ಡಹೆಸರು, 'ಕೊಲ್ಹಾಪುರಿ', 'ಚಪ್ಪಲ್', ಇಷ್ಟೇ. ಎದುರಿನವನ ಜಾಹೀರಾತಿನಲ್ಲಿ ಕಂಡದ್ದು ಕೊನೆಯ ಎರಡು ಪದ. ಅವೆರಡೂ ವಸ್ತುವನ್ನು ಬಣ್ಣಿಸುವ ಪದಗಳು, ಯಾರು ಬೇಕಾದರೂ ಬಳಸಬಹುದು ಅಂತ ವಾದಿಸಲು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಕಲಮಿನಲ್ಲಿ ದಾರಿ ಇದೆ. ಹೊಸದಾಗಿ ಟಂಕಿಸಿದ ಹೆಸರಿಗೆ ಕಾನೂನು ಗಟ್ಟಿಯಾಗಿ ನಿಲ್ತದೆ. ಊರಿನ ಹೆಸರನ್ನೇ ತನ್ನ ಹೆಸರು ಮಾಡಿಕೊಂಡವನ ಬೆನ್ನಿಗೆ ಮೆಲ್ಲಗೆ ಬರ್ತದೆ.

ಹಂಗಾರ ಊರಿನ ಹೆಸರಿಗೆ ಯಾರು ಧಣಿ? ಕೊಲ್ಹಾಪುರಿಯ ಕಥೆ ಇಲ್ಲಿ ಸ್ವಾರಸ್ಯದ್ದು. ಕಾಪಶಿಯಂಥ ಊರಿನ ಹೆಸರುಗಳೇ ಚಪ್ಪಲಿಯ ನಮೂನೆಗಳ ಹೆಸರಾಗಿದ್ದವು. ಶಾಹೂ ಮಹಾರಾಜರ ಆಳ್ವಿಕೆಯಲ್ಲಿ (1894–1922) ಕಸುಬಿಗೆ ಒತ್ತಾಸೆ ಸಿಕ್ಕಿತು, ಪೇಟೆಯ ಹೆಸರೇ ಸರಕಿನ ಹೆಸರಾಗಿ ನಿಂತಿತು. ಆದರೆ ಹೊಲಿಯುವ ಕೈಗಳು ಅಥಣಿ, ನಿಪ್ಪಾಣಿ ಕಡೆಯೂ ಇದ್ದವು, ಇವತ್ತಿಗೂ ಇವೆ. ಅಥಣಿಯಲ್ಲಿ ಕನ್ನಡ ಮಾತಾಡ್ತಾ ಹೊಲಿದ ಜೋಡು ಕೊಲ್ಹಾಪುರಿ ಅಂತಲೇ ಮಾರಾಟ ಆಗ್ತದೆ. ಹಾಗಾಗಿಯೇ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಅದು ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸಿಕ್ಕಿತು: ಆ ಕಡೆ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಈ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಗಡಿಯ ಬಗ್ಗೆ ಜಗಳಾಡುವ ಎರಡು ಸರಕಾರಗಳು ಒಂದು ಚಪ್ಪಲಿಗಾಗಿ ಜೊತೆಗೆ ನಿಂತದ್ದು ನನಗಂತೂ ಖುಷಿ. (ನಾನಿರೋದು 'ಆ ಕಡೆ', ಆದರೂ ಬರೆಯುವಾಗ ಕೈ ಹೀಗೇ ಓಡ್ತದೆ.)

ಆದರೆ ನೋಂದಣಿಯ ಒಡೆಯರು ಎರಡು ಸರಕಾರಿ ನಿಗಮಗಳು, ಮಹಾರಾಷ್ಟ್ರದ ಲಿಡ್‌ಕಾಂ ಮತ್ತು ಕರ್ನಾಟಕದ ಲಿಡ್ಕರ್. ಹೊಲಿಯುವವನು ಅಧಿಕೃತ ಬಳಕೆದಾರ ಅಂತ ಬೇರೆ ಹೆಸರು ಬರೆಸಬೇಕು. ಇದರ ಬಿಸಿ ತಿಳಿದದ್ದು 2025ರ ಜೂನಿನಲ್ಲಿ, ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ತೋರಿಸಿದಾಗ. ವಕೀಲರು ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಜುಲೈನಲ್ಲಿ ಅದು ವಜಾ ಆಯ್ತು: ಕೇಳೋದಿದ್ದರೆ ಗುರುತಿನ ನೋಂದಾಯಿತ ಒಡೆಯರು ಬಂದು ಕೇಳಬೇಕು. ಡಿಸೆಂಬರಿನಲ್ಲಿ ಪ್ರಾಡಾ ಆ ಎರಡೂ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಮಿಲಾನಿನಲ್ಲಿ ಆದದ್ದು ಫೋಟೋದಲ್ಲಿ ಕಂಡಿತು, ಅದಕ್ಕೇ ಗದ್ದಲ ಎದ್ದಿತು. ಪರದೆಯ ಹಿಂದೆ ದಿನವಿಡೀ ನಡೆಯುವ ಹರಾಜಿನ ಫೋಟೋ ಯಾರು ತೆಗೀತಾರ?

ನಾನು ಇಷ್ಟೆಲ್ಲ ಓದಿ ಮುಗಿಸೋದರೊಳಗೆ ಆ ಹುಡುಗ ತನ್ನ ದಾರಿ ತಾನೇ ಹಿಡಿದಿದ್ದ. ತನ್ನ ಅಂಗಡಿಯ ಹೆಸರನ್ನೇ ಕೀವರ್ಡ್ ಮಾಡಿ ಈಗ ತಿಂಗಳಾ ದುಡ್ಡು ಕಟ್ತಾನ. ಹಬ್ಬದ ಹೊತ್ತಿಗೆ ಕ್ಲಿಕ್ಕಿನ ಬೆಲೆ ಏರ್ತದಂತ. ಕಾಕಾಗೆ ಅದನ್ನ ಅಂಗಡಿ ಬಾಡಿಗೆ ಅಂತ ಹೇಳ್ಯಾನ.

ಇಷ್ಟೇ ನನ್ನದು. ಪ್ರಶ್ನೆ ಇದ್ದರೆ ಕೇಳ್ರಿ. ಇಲ್ಲಿ ಕರೆಂಟ್ ಹೋದರೆ ಫೋನಿನಿಂದ ಮತ್ತೆ ಸೇರ್ಕೋತೀನಿ.