ಕೀಲೆಣ್ಣೆಯಿಂದ ಕ್ಲಿಯರ್ ಕೋಟ್‌ವರೆಗೆ

ಆಯುಧಪೂಜೆ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮನೆಗಳ ಮುಂದೆ ಕಾರು, ಟ್ರ್ಯಾಕ್ಟರುಗಳಿಗೆ ಸ್ನಾನದ ಸಂಭ್ರಮ. ವರ್ಷವಿಡೀ ಕೂತ ಟಾರು, ಮರದ ಅಂಟು, ಹಕ್ಕಿಯ ಹಿಕ್ಕೆ ಎಲ್ಲವೂ ಅಂದೇ ಹೋಗಬೇಕು. ತೆಂಗಿನ ನಾರು, ಪಾತ್ರೆ ತಿಕ್ಕುವ ಪುಡಿ ಕೈಗೆ ಬರುವುದೂ ಅಂದೇ. ಮರುದಿನ ಬಿಸಿಲಿನಲ್ಲಿ ನೋಡಿದರೆ ಕೊಳೆ ಹೋಗಿರುತ್ತದೆ, ಬಣ್ಣದ ಮೇಲೆ ಜೇಡರ ಬಲೆಯಂಥ ಗೀರುಗಳು ಉಳಿದಿರುತ್ತವೆ.

ಎತ್ತಿನ ಗಾಡಿಯ ಕಾಲಕ್ಕೆ ಹೊಳಪಿನ ಹಂಗಿರಲಿಲ್ಲ. ಆದರೆ ಅಂಟಿದ್ದನ್ನು ಬಿಡಿಸುವ ವಿದ್ಯೆ ಇತ್ತು. ಅಚ್ಚಿನ ಕೀಲೆಣ್ಣೆ ಕೈಗೆ ಮೆತ್ತಿದರೆ ಮೊದಲು ಎಣ್ಣೆ ಸವರಿ ಸಡಿಲಿಸಿ, ಅನಂತರ ಸೀಗೆಪುಡಿ ಇಲ್ಲವೇ ಅಂಟುವಾಳದ ನೊರೆಯಿಂದ ತೊಳೆಯುವುದು ಆ ವಿದ್ಯೆ. ಹಬ್ಬದ ಎಣ್ಣೆಸ್ನಾನದ ಕ್ರಮವೂ ಇದೇ. ಜಿಡ್ಡನ್ನು ಎಣ್ಣೆ ಕರಗಿಸುತ್ತದೆ. ಸೀಗೆ, ಅಂಟುವಾಳಗಳಲ್ಲಿರುವ ಸಪೋನಿನ್ ಅದನ್ನು ನೀರಿನೊಡನೆ ಬೆರೆಸಿ ಸಾಗಿಸುತ್ತದೆ. ಹಿತ್ತಾಳೆಯ ಕಿಲುಬಿಗಾದರೆ ಹುಣಿಸೆಯ ಹುಳಿ. ಒಂದೊಂದು ಕೊಳೆಗೆ ಒಂದೊಂದು ಮದ್ದು.

ಮೊದಮೊದಲ ಮೋಟಾರು ಕಾರುಗಳಿಗೆ ಕುದುರೆಗಾಡಿಗಳಂತೆಯೇ ವಾರ್ನಿಶ್ ಬಳಿಯಲಾಗುತ್ತಿತ್ತು. ಪದರ ಪದರವಾಗಿ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ತಂದ ಡ್ಯೂಕೋ ಎಂಬ ಲ್ಯಾಕರ್ ಈ ಕಾಯುವಿಕೆಯನ್ನು ಗಂಟೆಗಳಿಗೆ ಇಳಿಸಿತು. ಮೈಸೂರಿನಲ್ಲೂ 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಮತದಾರರ ಬೆರಳಿನ ಶಾಯಿಗೆ ಹೆಸರಾದ ಇಂದಿನ ಮೈಸೂರು ಪೇಂಟ್ಸ್ ಅದೇ. ಲ್ಯಾಕರ್ ಮಂಕಾದರೆ ಪಾಲಿಶ್ ಹಾಕಿ ತಿಕ್ಕುವುದು ವಾಡಿಕೆ. ಹಲವು ಪದರಗಳ ಆ ಬಣ್ಣ ತಿಕ್ಕಾಟವನ್ನು ಒಂದಷ್ಟು ತಾಳುತ್ತಿತ್ತು.

1980ರ ದಶಕದಿಂದೀಚೆಗೆ ಬೇರೊಂದು ಕ್ರಮ ಹರಡಿತು. ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಕಾರಿನ ಹೊಳಪೆಲ್ಲ ಇದರಲ್ಲೇ ಇದೆ. ಒಣಬಟ್ಟೆಯಲ್ಲಿ ಧೂಳು ಒರೆಸಿದರೂ ಈ ಕಲ್ಲುಸೀಮೆಯ ಬೆಣಚುಕಣಗಳು ಅದನ್ನು ಗೀರುತ್ತವೆ. ಹೋದ ಪದರ ಮತ್ತೆ ಬಾರದು.

ಆದ್ದರಿಂದ ಮೇಲ್ಮೈ ಬದಲಾದರೂ ಹಳೆಯ ವಿದ್ಯೆಯೇ ಕ್ಷೇಮ: ಮೊದಲು ನೆನೆಸುವುದು, ಆಮೇಲೆ ಸಡಿಲಿಸುವುದು, ಕೊನೆಗೆ ತೊಳೆಯುವುದು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ತಗಡು ತಣ್ಣಗಾದ ಮೇಲೆ ನೀರು ಸುರಿಯಬೇಕು. ಹುಣಿಸೆ ಸಾಲಿನಡಿ ಬಿದ್ದ ಹಿಕ್ಕೆಯ ಮೇಲೆ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿದರೆ ತಾನೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ದಿನಗಟ್ಟಲೆ ಬಿಟ್ಟರೆ ಅದರ ಆಮ್ಲ ಪದರವನ್ನೇ ತಿನ್ನುತ್ತದೆ. ಶಿರಾ ಹೆದ್ದಾರಿಯ ಟಾರಿಗೆ ಮೆತ್ತನೆಯ ಬಟ್ಟೆಯಲ್ಲಿ ತುಸು ಸೀಮೆಎಣ್ಣೆ ಇಲ್ಲವೇ ಟಾರ್ ರಿಮೂವರ್ ಸಾಕು. ಮೊದಲು ಮರೆಯ ಮೂಲೆಯಲ್ಲಿ ಪರೀಕ್ಷಿಸಿ, ದೀಪ, ಬೆಂಕಿಗಳಿಂದ ದೂರವಿದ್ದು ಬಳಸಿ, ಒಡನೆಯೇ ಕಾರು ಶಾಂಪೂವಿನಿಂದ ತೊಳೆಯಬೇಕು. ಥಿನ್ನರ್ ಬಣ್ಣಕ್ಕೇ ಕುತ್ತು. ಹಿತ್ತಾಳೆಗೆ ಒಗ್ಗುವ ಹುಣಿಸೆ ಇಲ್ಲಿ ಸಲ್ಲದು.

ಪಾವಗಡದ ಕಡೆ ಇನ್ನೊಂದು ತೊಡಕು. ಅಲ್ಲಿನ ಕೊಳವೆಬಾವಿಗಳ ಫ್ಲೋರೈಡ್ ನೀರು ಕುಡಿಯುವವರಿಗೆ ಹಳೆಯ ಸಂಕಟ; ನೀರು ಗಡುಸಾಗಿದ್ದರೆ ಅದರ ಹನಿ ಕಾರಿನ ಮೇಲೆ ಒಣಗಿದಾಗ ಬಿಳಿ ಕಲೆ ಕೂರುತ್ತದೆ. ತೊಳೆದೊಡನೆ ಮೆತ್ತನೆಯ ಬಟ್ಟೆಯಿಂದ ನೀರು ಹೀರಿಸುವುದೇ ಪರಿಹಾರ. ನೀರಿಗೆ ಬರವಿರುವಲ್ಲಿ ಪೈಪು ಹಿಡಿದು ಹರಿಸಬೇಕಾಗಿಯೂ ಇಲ್ಲ. ಧೂಳಿಳಿಸಲು ಒಂದು ಚೊಂಬು ನೀರು, ನೊರೆಗೊಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು ಇದ್ದರೆ ಹಬ್ಬದ ಸ್ನಾನ ಮುಗಿಯುತ್ತದೆ. ಬೇಕಾದದ್ದು ತೋಳಿನ ಬಲವಲ್ಲ, ಕೊಳೆ ನೆನೆಯುವವರೆಗಿನ ಹತ್ತು ನಿಮಿಷದ ತಾಳ್ಮೆ.