ತೋಳದ ಹೆಸರು ಹೊತ್ತ ರೋಗ

ಲ್ಯಾಟಿನ್ ಭಾಷೆಯಲ್ಲಿ ಲೂಪಸ್ ಎಂದರೆ ತೋಳ. ಮುಖವನ್ನು ಕಚ್ಚಿ ತಿಂದಂತೆ ಹುಣ್ಣು ಮಾಡುವ ಹಲವು ರೋಗಗಳನ್ನು ಯುರೋಪಿನ ವೈದ್ಯರು ಶತಮಾನಗಳ ಕಾಲ ಈ ಒಂದೇ ಹೆಸರಿನಿಂದ ಕರೆದರು. ಅದರೊಳಗೆ ಚರ್ಮದ ಕ್ಷಯವೂ ಇತ್ತು, ಕ್ಷಯಕ್ಕೆ ಸಂಬಂಧವೇ ಇಲ್ಲದ ಇನ್ನೊಂದೂ ಇತ್ತು. 19ನೇ ಶತಮಾನದ ನಡುವಿನಲ್ಲಿ ಪ್ಯಾರಿಸ್ಸಿನ ಕಾಜ್ನಾವ್ ಎಂಬ ವೈದ್ಯ ಆ ಇನ್ನೊಂದಕ್ಕೆ 'ಲೂಪಸ್ ಎರಿಥೆಮಟೋಸಸ್', ಅಂದರೆ ಕೆಂಪು ಲೂಪಸ್ ಎಂದು ಹೆಸರಿಟ್ಟ. ಇದು ಬರೀ ಹೆಸರಿನ ಜಗಳವಲ್ಲ. ಡೆನ್ಮಾರ್ಕಿನ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂದದ್ದು ಚರ್ಮಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದುದಕ್ಕೆ. ಕೆಂಪು ಲೂಪಸ್ ಇದ್ದವರಿಗಾದರೋ ಬಿಸಿಲೇ ವೈರಿ.

ಕೆಂಪು ಲೂಪಸ್‌ನಲ್ಲೇ ತೀರಾ ಅಪರೂಪದ ಒಂದು ಬಗೆಯಿದೆ. ವಿಯೆನ್ನಾದ ಕಪೋಸಿ 1883ರಲ್ಲಿ ಅದನ್ನು ವಿವರಿಸಿದ. 1940ರಲ್ಲಿ ಇರ್ಗ್ಯಾಂಗ್ ಅದಕ್ಕೆ 'ಲೂಪಸ್ ಪ್ರೊಫಂಡಸ್' ಎಂದು ಹೆಸರಿಟ್ಟ. ಇಲ್ಲಿ ಉರಿಯೂತ ಇರುವುದು ಚರ್ಮದಡಿಯ ಕೊಬ್ಬಿನ ಪದರದಲ್ಲಿ. ಕೆನ್ನೆ, ಭುಜ, ತೋಳು, ಸ್ತನ, ಪೃಷ್ಠಗಳಲ್ಲಿ ಗಟ್ಟಿ ಗಂಟುಗಳೇಳುತ್ತವೆ. ಮೇಲಿನ ಚರ್ಮ ಎಷ್ಟೋ ಸಲ ನೆಟ್ಟಗೇ ಕಾಣುತ್ತದೆ. ಗಂಟು ಕರಗಿದ ಮೇಲೆ ಕೊಬ್ಬೂ ಕರಗಿ ಅಲ್ಲೊಂದು ಕುಳಿ ಉಳಿದುಬಿಡುತ್ತದೆ. ರೋಗಿಗಳಲ್ಲಿ ಹೆಂಗಸರೇ ಹೆಚ್ಚು. ಕೆನ್ನೆಯಲ್ಲಿ ಕುಳಿ ಬಿದ್ದ ಹೆಣ್ಣುಮಗಳು ನಮ್ಮ ಸಮಾಜದಲ್ಲಿ ಏನೇನು ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ತಡಮಾಡಬಾರದೆನ್ನುವುದು ಅದಕ್ಕೇ.

ಗುರುತಿಸುವುದು ಸುಲಭವಲ್ಲ. ಮೇಲ್ಮೈಯ ಚೂರು ತೆಗೆದರೆ ಸಾಲದು, ಕೊಬ್ಬಿನವರೆಗೂ ಇಳಿಯುವ ಆಳವಾದ ಬಯಾಪ್ಸಿ ಬೇಕು. ಕೊಬ್ಬಿನ ಪದರದಲ್ಲಿ ಹುಟ್ಟುವ ಒಂದು ಬಗೆಯ ರಕ್ತಕಣಗಳ ಕ್ಯಾನ್ಸರ್ ಸೂಕ್ಷ್ಮದರ್ಶಕದಡಿ ಹೆಚ್ಚುಕಡಿಮೆ ಹೀಗೆಯೇ ಕಾಣುವುದರಿಂದ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗಿ ಬರುವುದೂ ಉಂಟು.

ಚಿಕಿತ್ಸೆ ಬಂದದ್ದು ಮಲೇರಿಯಾದ ದಾರಿಯಿಂದ! 1894ರಲ್ಲಿ ಲಂಡನ್ನಿನ ಪೇನ್ ಕೆಂಪು ಲೂಪಸ್‌ಗೆ ಕ್ವಿನೈನ್ ಕೊಟ್ಟು ನೋಡಿದ್ದ. 1951ರಲ್ಲಿ ಪೇಜ್ ಎಂಬ ವೈದ್ಯ ಯುದ್ಧಕಾಲದ ಮಲೇರಿಯಾ ಮಾತ್ರೆ ಮೆಪಾಕ್ರಿನ್‌ನಿಂದ ರೋಗಿಗಳು ಸುಧಾರಿಸಿದ್ದನ್ನು ವರದಿ ಮಾಡಿದ. ಇಂದಿಗೂ ಮೊದಲು ಕೊಡುವುದು ಅದೇ ಬಳಗದ ಹೈಡ್ರಾಕ್ಸಿಕ್ಲೋರೋಕ್ವಿನ್. ಗುಣ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಹದಿನೈದು ದಿನ ನುಂಗಿ ಬಿಟ್ಟವರಿಗೆ ಪ್ರಯೋಜನವಿಲ್ಲ. ವರ್ಷಗಟ್ಟಲೆ ಸೇವಿಸುವವರು ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳುತ್ತಿರಬೇಕು.

2020ರಲ್ಲಿ ಕೊರೋನಾಕ್ಕೆ ಇದೇ ಮದ್ದೆಂಬ ಸುದ್ದಿ ಹಬ್ಬಿ ಜನ ಔಷಧಿ ಅಂಗಡಿಗಳಿಗೆ ಮುಗಿಬಿದ್ದರು. ಕೊರೋನಾಕ್ಕೆ ಅದು ಕೆಲಸ ಮಾಡಲಿಲ್ಲವೆಂದು ಆಮೇಲೆ ಗೊತ್ತಾಯಿತು. ಆದರೆ ಆ ದಿನಗಳಲ್ಲಿ ನಿತ್ಯದ ಮಾತ್ರೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದವರು ಲೂಪಸ್ ರೋಗಿಗಳು.