ಕೈಗೆ ಬಂದ ಎಲೆ, ಕೈಬಿಟ್ಟ ಎಲೆ

ಮುಂಬಯಿಯ ಲೋಕಲ್ ರೈಲನ್ನು ಬಲ್ಲವರಿಗೆ ಇಸ್ಪೀಟಿನ ಮಂಡಲಿಗಳನ್ನು ಪರಿಚಯಿಸಬೇಕಾಗಿಲ್ಲ. ಎದುರುಬದುರು ಕುಳಿತ ನಾಲ್ವರ ಮೊಣಕಾಲುಗಳ ಮೇಲೆ ಒಂದು ಬ್ರೀಫ್‌ಕೇಸ್. ಅದೇ ಆಟದ ಹಾಸು. ಕಲ್ಯಾಣದಲ್ಲಿ ಹಂಚಿದ ಎಲೆಗಳ ಲೆಕ್ಕ ದಾದರ್ ಬರುವಷ್ಟರಲ್ಲಿ ಚುಕ್ತಾ ಆಗಬೇಕು. ಈಗ ಅದೇ ಡಬ್ಬಿಯಲ್ಲಿ ಎಲೆಗಳು ಮೊಬೈಲಿನ ಪರದೆಯನ್ನು ಏರಿವೆ. ಎದುರಾಳಿ ಯಾವ ಊರಿನವನೋ, ಅವನ ಮುಖ ಕಾಣದು. ಸ್ಥಳ ಬದಲಾದರೂ ಎರಡು ಪ್ರಶ್ನೆಗಳು ಹಾಗೆಯೇ ಉಳಿದಿವೆ. ಗೆಲುವಿನಲ್ಲಿ ಬುದ್ಧಿಯ ಪಾಲೆಷ್ಟು, ಅದೃಷ್ಟದ ಪಾಲೆಷ್ಟು? ಆಟದ ಮರ್ಯಾದೆಯನ್ನು ಕಾಯುವವರು ಯಾರು? ಮೊದಲ ಪ್ರಶ್ನೆಯನ್ನು ನಮ್ಮ ನ್ಯಾಯಾಲಯಗಳು ದಶಕಗಳ ಕಾಲ ಚರ್ಚಿಸಿವೆ. ಎರಡನೆಯದು ಅವುಗಳ ಮುಂದೆ ಬಂದದ್ದೇ ಕಡಿಮೆ.

ಎಲೆಯಾಟದ ಚರಿತ್ರೆ ಇಸ್ಪೀಟಿಗಿಂತ ಹಿಂದಕ್ಕೆ ಹೋಗುತ್ತದೆ. ಬಾಬರನು 1527ರಲ್ಲಿ ಸಿಂಧಿನ ಶಾ ಹಸನನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಆ ಆಟ ಕೊಂಕಣದ ಸಾವಂತವಾಡಿಯಲ್ಲಿಯೂ ನಮ್ಮ ಮೈಸೂರಿನಲ್ಲಿಯೂ ಬೇರೂರಿತು. ಮುಮ್ಮಡಿ ಕೃಷ್ಣರಾಜ ಒಡೆಯರು ‘ಛದ’ ಎಂಬ ಹೆಸರಿನ ಎಲೆಯಾಟಗಳನ್ನೇ ರೂಪಿಸಿ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳಿಗೆ ಸ್ಥಾನ ಕೊಟ್ಟರು. ದಶಾವತಾರ ಗಂಜೀಫದಲ್ಲಿ ಹತ್ತು ಅವತಾರಗಳಿಗೆ ತಲಾ ಹನ್ನೆರಡರಂತೆ 120 ಎಲೆಗಳು. ಹಗಲಿನಲ್ಲಿ ರಾಮನ ರಾಜ ಎಲೆಯುಳ್ಳವನು, ಇರುಳಿನಲ್ಲಿ ಕೃಷ್ಣನ ರಾಜ ಎಲೆಯುಳ್ಳವನು ಆಟವನ್ನು ಆರಂಭಿಸುವುದು ವಾಡಿಕೆ. ಅರ್ಧದಷ್ಟು ಬಣ್ಣಗಳಲ್ಲಿ ಹತ್ತು ಮೇಲು, ಒಂದು ಕೀಳು. ಉಳಿದರ್ಧದಲ್ಲಿ ಇದು ತಲೆಕೆಳಗು. ತುರುಪು ಎಂಬುದಿಲ್ಲ. ಹೋದ ಎಲೆ ಯಾವುದು, ಉಳಿದ ಎಲೆ ಯಾವುದು ಎಂಬ ನೆನಪೇ ಇಲ್ಲಿ ಆಟಗಾರನ ಬಂಡವಾಳ.

ನೆನಪಿಗೆ, ಯುಕ್ತಿಗೆ ಕಾನೂನು ಬೆಲೆ ಕಟ್ಟಿದ ಪ್ರಸಂಗ ಬೆಂಗಳೂರು ಮತ್ತು ಮುಂಬಯಿಗಳ ನಡುವಿನದು. ವಿಚಿತ್ರವೆಂದರೆ ಅದು ಎಲೆಯಾಟದಿಂದಲ್ಲ, ಪದಬಂಧದಿಂದ ಹುಟ್ಟಿತು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯಲ್ಲಿ ಆರ್.ಎಂ.ಡಿ.ಸಿ. ಪದಬಂಧದ ಬಹುಮಾನ ಸ್ಪರ್ಧೆ ಬರುತ್ತಿತ್ತು. ಪತ್ರಿಕೆಗೆ ಮುಂಬಯಿ ರಾಜ್ಯದಲ್ಲಿ ದೊಡ್ಡ ಪ್ರಸಾರವಿತ್ತು. ಅಲ್ಲಿನ ಸರ್ಕಾರ 1948ರ ಕಾಯಿದೆಯನ್ನು 1952ರಲ್ಲಿ ತಿದ್ದಿ, ಹೊರರಾಜ್ಯದಲ್ಲಿ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗಳ ಮೇಲೂ ತೆರಿಗೆ ಹೇರಿತು. ವ್ಯಾಜ್ಯ ಸುಪ್ರೀಂ ಕೋರ್ಟನ್ನು ಮುಟ್ಟಿತು. 1957ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ನೀಡಿದ ತೀರ್ಪು ಋಗ್ವೇದದ ಜೂಜುಗಾರನನ್ನೂ ಮಹಾಭಾರತದ ದ್ಯೂತವನ್ನೂ ನೆನೆಯಿತು. ಆಯೋಜಕರು ಮೊದಲೇ ಗೊತ್ತುಮಾಡಿಟ್ಟ ಉತ್ತರಕ್ಕೆ ತಾಳೆಯಾಗುವಂತೆ ಊಹಿಸುವುದು ಕೌಶಲವಲ್ಲ, ಜೂಜು. ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ ಎಂದಿತು. ಗೆಲುವು ಗಣನೀಯವಾಗಿ ಕೌಶಲವನ್ನು ಅವಲಂಬಿಸಿದ ಸ್ಪರ್ಧೆ ಜೂಜಿನ ಸಾಲಿಗೆ ಸೇರದು ಎಂಬ ಗೆರೆಯೂ ಅಂದೇ ಸ್ಪಷ್ಟವಾಯಿತು.

ಆ ಗೆರೆಯ ಮೇಲೆ ರಮ್ಮಿ ಬಂದು ನಿಂತದ್ದು ಹತ್ತು ವರ್ಷಗಳ ಬಳಿಕ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ 1963ರಲ್ಲಿ ಪೊಲೀಸರು ನಡೆಸಿದ ದಾಳಿಯ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ 1967ರ ನವೆಂಬರ್‌ನಲ್ಲಿ ತೀರ್ಪಿತ್ತರು. ಮೂರೆಲೆಯ ಆಟ ಬರಿಯ ಅದೃಷ್ಟದ್ದು, ರಮ್ಮಿ ಹಾಗಲ್ಲ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಅರಿಯಬೇಕು ಎಂದರು. ಹಾಸಿನ ಮೇಲೆ ಆಡಿದವರಿಗೆ ಈ ಮಾತಿನ ತೂಕ ತಿಳಿದಿದೆ. ಎದುರಾಳಿ ಆಟೀನು ಏಳನ್ನು ಎತ್ತಿಕೊಂಡರೆ ಆರು, ಎಂಟುಗಳನ್ನು ನಾವು ಬಿಡಲಾರೆವು. ಅವನು ಎತ್ತಿಕೊಳ್ಳದೆ ಹೋದ ಎಲೆಯೂ ಒಂದು ಸುದ್ದಿಯೇ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿತ್ತು: ಪಣಕ್ಕಾಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಒಡೆಯ ಲಾಭ ಪಡೆಯುತ್ತಿದ್ದರೆ ಅಪರಾಧ ಸಾಬೀತಾಗಬಹುದು. ಮೊದಲ ಮಾತು ಪ್ರಸಿದ್ಧವಾಯಿತು. ಎರಡನೆಯದನ್ನು ಉಲ್ಲೇಖಿಸುವವರು ಅಷ್ಟಿಲ್ಲ.

ಅಂತರ್ಜಾಲದ ರಮ್ಮಿಯಲ್ಲಿ ತಂತ್ರ ಇನ್ನಷ್ಟು ಬಿಗಿಯಾಗಿದೆ. ಹದಿಮೂರು ಎಲೆಗಳು, ಪ್ರತಿ ಸರದಿಗೂ ಎಣಿಸಿದ ಸೆಕೆಂಡುಗಳು. ಕೈ ಕೆಟ್ಟಿದ್ದರೆ ಮೊದಲ ಸರದಿಯಲ್ಲೇ ಹಿಂದೆ ಸರಿದವನಿಗೆ ಸಾಮಾನ್ಯವಾಗಿ 20 ಅಂಕಗಳ ದಂಡ, ನಡುವೆ ಸರಿದರೆ 40, ಹಠ ಹಿಡಿದು ಕೂತವನಿಗೆ 80ರವರೆಗೆ. ಚಿಕ್ಕ ಸೋಲನ್ನು ಸಕಾಲದಲ್ಲಿ ಒಪ್ಪಿಕೊಳ್ಳುವುದು ಇಲ್ಲಿ ಹೇಡಿತನವಲ್ಲ, ವಿವೇಕ. ಧರ್ಮರಾಯನಿಗೆ ನೆತ್ತದ ಹಾಸಿನಲ್ಲಿ ಒದಗದೆ ಹೋದದ್ದು ಇದೇ ವಿವೇಕ.

ಯಂತ್ರ ಕೆಲವು ಮೋಸಗಳನ್ನು ಅಸಾಧ್ಯವಾಗಿಸಿದೆ. ಎಲೆ ಕಲಸುವವನ ಕೈಚಳಕಕ್ಕೆ ಎಡೆಯಿಲ್ಲ. ಸರದಿ ತಪ್ಪಿ ಆಡಲಾಗದು. ತಪ್ಪಾಗಿ ಎಲೆ ಬಿಚ್ಚಿದರೆ ಒಡನೆಯೇ ದಂಡ. ಆದರೆ ಒಂದೇ ಮೇಜಿಗೆ ಕುಳಿತ ಇಬ್ಬರು ಗೆಳೆಯರು ಬೇರೊಂದು ಫೋನಿನಲ್ಲಿ ತಮ್ಮ ಎಲೆಗಳನ್ನು ಹೇಳಿಕೊಂಡರೆ ಮೂರನೆಯವನಿಗೆ ತಿಳಿಯುವ ಬಗೆಯೆಂತು? ಬ್ರಿಜ್ ಆಟದಲ್ಲಿ ಸಂಜ್ಞೆಗಳನ್ನು ತಡೆಯಲು ಜೊತೆಯಾಟಗಾರರ ನಡುವೆ ಅಡ್ಡತೆರೆ ಬಂತು. 1975ರ ವಿಶ್ವ ಪಂದ್ಯಾವಳಿಯಲ್ಲಿ ಇಬ್ಬರು ಮೇಜಿನ ಕೆಳಗೆ ಕಾಲಿನಿಂದ ಸಂಜ್ಞೆ ಮಾಡಿದರೆಂಬ ಆರೋಪವೆದ್ದ ಮೇಲೆ ಕೆಳಗೂ ಅಡ್ಡಹಲಗೆ ಬಂತು. 2020ರಲ್ಲಿ ಪಂದ್ಯಗಳು ಅಂತರ್ಜಾಲಕ್ಕೆ ಸರಿದಾಗ, ಹೆಸರಾಂತ ಆಟಗಾರರೇ ಬೇರೊಂದು ಖಾತೆಯಿಂದ ಪ್ರೇಕ್ಷಕರಾಗಿ ಒಳಹೊಕ್ಕು ಎಲ್ಲರ ಎಲೆಗಳನ್ನು ನೋಡುತ್ತಿದ್ದುದು ಬಯಲಾಯಿತು. ಅವರಿಗೆ ಕೌಶಲದ ಕೊರತೆ ಇರಲಿಲ್ಲ. ಕೌಶಲವುಳ್ಳ ಆಟವೆಂದ ಮಾತ್ರಕ್ಕೆ ಅದು ಮರ್ಯಾದೆಯ ಆಟವಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕರ್ನಾಟಕ 2021ರಲ್ಲಿ ಪಣವಿರುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಕೌಶಲದ ಹಳೆಯ ಗೆರೆಯನ್ನೇ ಹಿಡಿದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಆ ಗೆರೆಯನ್ನೇ ಬದಿಗೊತ್ತಿದೆ: ಆಟ ಕೌಶಲದ್ದಿರಲಿ ಅದೃಷ್ಟದ್ದಿರಲಿ, ಹಣ ಪಣವಿಟ್ಟು ಅಂತರ್ಜಾಲದಲ್ಲಿ ಆಡಿಸುವಂತಿಲ್ಲ. 1957ರಿಂದ ನಡೆದು ಬಂದ ವಾದಕ್ಕೆ ಇದು ದೊಡ್ಡ ತಿರುವು. 1967ರ ತೀರ್ಪಿನ ಆ ಎರಡನೆಯ ಮಾತನ್ನು ಹಿಂದೆಯೇ ಗಂಭೀರವಾಗಿ ಪರಿಗಣಿಸಿದ್ದರೆ ಚರ್ಚೆ ಬೇರೆ ದಾರಿ ಹಿಡಿಯುತ್ತಿತ್ತು ಎಂಬುದು ನಮ್ಮ ಎಣಿಕೆ. ಪ್ರತಿ ಆಟದಿಂದಲೂ ಪಾಲು ಎತ್ತಿಕೊಳ್ಳುವ ಒಡೆಯನಿಗೆ ಯಾರು ಗೆದ್ದರೂ ಒಂದೇ. ಆಟ ನಿಲ್ಲಬಾರದು ಅಷ್ಟೆ. ಸಕಾಲದಲ್ಲಿ ಏಳಬಲ್ಲ ಆಟಗಾರ ಅವನಿಗೆ ಬೇಡ.

ಪಣವಿಲ್ಲದ ಆಟಕ್ಕೆ ಅಡ್ಡಿಯಿಲ್ಲ. ಊರಿನಿಂದ ದೂರ ಉಳಿದ ನಮ್ಮಂಥವರಿಗೆ ಡೊಂಬಿವಲಿಯಲ್ಲಿ ಕುಳಿತು ಧಾರವಾಡದ ಸೋದರಮಾವನೊಡನೆಯೋ ದುಬೈಯ ಗೆಳೆಯನೊಡನೆಯೋ ಒಂದು ಕೈ ಆಡುವ ಅವಕಾಶವನ್ನು ಪರದೆ ಕೊಟ್ಟಿದೆ. ಸೋಲುವುದು ಖಚಿತವಾದಾಗ ಸಂಪರ್ಕ ತಪ್ಪಿತೆಂದು ನಟಿಸದಿರುವುದು, ಬೇಕೆಂದೇ ಗಡಿಯಾರ ಓಡಿಸಿ ಎದುರಾಳಿಯನ್ನು ಕಾಡದಿರುವುದು, ಒಳ್ಳೆಯ ಎಲೆ ಬಂದು ಗೆದ್ದಾಗ ಅದನ್ನು ಬುದ್ಧಿಯ ಲೆಕ್ಕಕ್ಕೆ ಬರೆದುಕೊಳ್ಳದಿರುವುದು — ಇವು ಯಾವ ಕಾಯಿದೆಯಲ್ಲಿಯೂ ಇಲ್ಲ. ಇವನ್ನು ಕಾಯಬೇಕಾದವರು ಆಡುವ ನಾವೇ.